ಹೆಂಡಿ ಬಳಿದ ಗೋಡೆ

ನಿಜಾಮರ ಆಳಿಕೆ ಮುಗಿಸಿದ ಪೊಲೀಸ್ ಆಕ್ಷನ್‌ಗೆ ಎರಡು ವರ್ಷ ಮೊದಲಿನ ಮಾತು. ಭಾಲ್ಕಿಯಲ್ಲಿ ಹೆಂಡಿ, ಅಂದರೆ ಸಗಣಿ, ಕಲಸಿ ಗೋಡೆ ಸಾರಿಸುವುದರಲ್ಲಿ ಗುಂಡಮ್ಮನನ್ನು ಮೀರಿಸುವವರಿರಲಿಲ್ಲ. ಬಾಯಿಯ ವಿಷಯದಲ್ಲಂತೂ ಓಣಿಗೆ ಓಣಿಯೇ ಅವಳಿಗೆ ಕೈಮುಗಿದಿತ್ತು. ಇಂಥವಳ ಮಗಳು ಕಾಶಮ್ಮ ಮಾತ್ರ ಸರಕಾರಿ ಸಾಲೆಗೆ ಹೋದ ಆರು ತಿಂಗಳಲ್ಲಿ ಮೂಕಿಯಂತಾಗಿದ್ದಳು. ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಕೂಸಿಗೆ ತಿಳಿಯುತ್ತಿರಲಿಲ್ಲ, ತಿಳಿಯದ್ದಕ್ಕೆ ಏಟು ಬೀಳುತ್ತಿತ್ತು, ಏಟಿಗೆ ಹೆದರಿ ಮನೆಯಲ್ಲೂ ಬಾಯಿ ಬಿಡುತ್ತಿರಲಿಲ್ಲ.

ಆಗ ಶಿವರಾಜಪ್ಪ ಮಾಸ್ತರರು ತಮ್ಮ ಹಿತ್ತಲಿನ ದನದ ಕೊಟ್ಟಿಗೆ ಖಾಲಿ ಮಾಡಿ ಹನ್ನೆರಡು ಮಕ್ಕಳಿಗೆ ಕನ್ನಡ ಕಲಿಸತೊಡಗಿದರು. ಪರವಾನಗಿ ಇರಲಿಲ್ಲ, ಮನೆಪಾಠ ಎಂದು ಹೇಳಿಕೊಳ್ಳುತ್ತಿದ್ದರು. ಪುಸ್ತಕವೂ ಇರಲಿಲ್ಲ. ಗೋಡೆಯನ್ನೇ ಪುಸ್ತಕ ಮಾಡೋಣವೆಂದು ಗುಂಡಮ್ಮನನ್ನು ಕರೆಸಿದರು.

"ಅಕ್ಷರ ನಾ ಬರೀತೇನಿ. ನೀ ಬಾಜೂಕ ಚಿತ್ರ ಬರಿ. 'ಆ'ಕ್ಕ ಆನಿ," ಎಂದರು ಮಾಸ್ತರರು.

"ಆನಿ ಯಾರು ನೋಡ್ಯಾರ್ರಿ ಇಲ್ಲಿ? ನಾನೇ ನೋಡಿಲ್ಲ. ಆಡು ಬರೀತೇನಿ. ದಿನಾ ಮುಂಜಾನಿ ಅದರ ಕೂಡ ಜಗಳಾಡ್ತಾವ ಹುಡುಗುರು."

ಮಾಸ್ತರರು ಏಣಿ ತಂದರೆ ಅದನ್ನೂ ಆಚೆ ಸರಿಸಿದಳು. "ಅಷ್ಟು ಮ್ಯಾಲ ಬರದ್ರ ದೇವರಿಗಿ ಕಾಣ್ತದ, ಹುಡುಗುರಿಗಿ ಕಾಣಲ್ರಿ." ನೆಲದ ಮೇಲೆ ಕೂತ ಮಕ್ಕಳ ಕಣ್ಣಿಗೆ ಎಟುಕುವ ಹಾಗೆ, ಸುಣ್ಣದಲ್ಲಿ ಬೆರಳದ್ದಿ ಊರ ಅಗಸಿ ಬಾಗಿಲು, ಆಡು, ಇಲಿ, ಈಚಲ ಗಿಡ, ಮೂಲೆಗೆ ಒರಳು, ಓಣಿ ಎಲ್ಲ ಬರೆದಳು. ಅವಳ ಆಡಿಗೆ ಗಡ್ಡ ಸ್ವಲ್ಪ ಹೆಚ್ಚೇ ಆಗಿ ಮಕ್ಕಳು ಬಿದ್ದು ಬಿದ್ದು ನಕ್ಕರು. ಮಾಸ್ತರರು ಜೋಳದ ದಂಟಿನಿಂದ ಗೋಡೆ ಬಡಿದಲ್ಲೆಲ್ಲ ಮಕ್ಕಳು ಆ ಅಕ್ಷರ ಕೂಗಬೇಕು; ಅದೇ ಪಾಠ. ನಾಲ್ಕನೆಯ ದಿನ ಕಾಶಮ್ಮ ಆಡಿನ ಗಡ್ಡ ಮುಟ್ಟಿ "ಆ" ಅಂದಳು. ಗುಂಡಮ್ಮ ಅಲ್ಲೇ ಕೂತು ಸುಣ್ಣದ ಕೈಯಲ್ಲೇ ಕಣ್ಣೊರೆಸಿಕೊಂಡು ಅತ್ತಳು. ಸುಣ್ಣ ತಾಗಿ ಕಣ್ಣು ಎರಡು ದಿನ ಕೆಂಪಾಗಿತ್ತು.

ತಿಂಗಳೊಳಗೆ ಸುದ್ದಿ ಮುಟ್ಟಬೇಕಾದವರಿಗೆ ಮುಟ್ಟಿತು. ಬೀದರದಿಂದ ಸಾಲೆ ತಪಾಸಣೆಯ ಸಾಹೇಬರು ಟಾಂಗಾ ಹತ್ತಿ ಬಂದರು, ಜೊತೆಗೆ ಜವಾನ ಶರಫೋದ್ದೀನ. ಸಾಹೇಬರು ಗೋಡೆಗಳನ್ನು ಸುತ್ತಿ ನೋಡಿ, ಹೀಗೆ ಸಿಂಗರಿಸಿದ ಮೇಲೆ ಇದು ಮನೆಪಾಠ ಹೇಗಾಯಿತು, ಸಾಲೆಯೇ ಆಯಿತಲ್ಲ ಎಂದರು. ಎಂಟು ದಿನದಲ್ಲಿ ಗೋಡೆ ಬರಿದಾಗಿರಬೇಕು, ಇಲ್ಲವಾದರೆ ಬಾಗಿಲಿಗೆ ಕೀಲಿ, ಮಾಸ್ತರರಿಗೆ ಜೈಲು.

"ಬರದ ಕೈಲಿಂದೇ ಅಳಿಸಂತೀರೇನ್ರಿ?" ಎಂದು ಗುಂಡಮ್ಮ ಮಾಸ್ತರರನ್ನು ಕೇಳಿದಳು.

"ಜೈಲಿಗಿ ಹೋಗಾಂವ ನಾನವ್ವ, ನೀನಲ್ಲ," ಎಂದರು ಮಾಸ್ತರರು. ಹೆಂಡಿಯ ಬುಟ್ಟಿಯನ್ನು ತಾವೇ ಅವಳ ಮುಂದೆ ತಂದಿಟ್ಟರು.

ಗುಂಡಮ್ಮ ಸಾಹೇಬರ ಏಳು ತಲೆಮಾರನ್ನೂ ಬೈಯುತ್ತ ಗೋಡೆಗೆ ಹೆಂಡಿ ಬಳಿಯತೊಡಗಿದಳು. ಆಡು ಹೋಯಿತು, ಅಗಸಿ ಹೋಯಿತು. ನೋಡುತ್ತ ನಿಂತಿದ್ದ ಕಾಶಮ್ಮ ಅವತ್ತು ಉಣ್ಣಲಿಲ್ಲ, ಮಾತೂ ಆಡಲಿಲ್ಲ. ಮಗಳು ಮತ್ತೆ ಮೂಕಿಯಾದಳೆಂದು ಗುಂಡಮ್ಮ ಹೆದರಿದಳು. ತನ್ನ ಕೈ ಕಂಡರೆ ಅವಳಿಗೇ ಸಿಟ್ಟು ಬರುತ್ತಿತ್ತು.

ಎಂಟನೆಯ ದಿನ ಮಕ್ಕಳು ಕೊಟ್ಟಿಗೆಯಲ್ಲಿ ಕೂತಿದ್ದಾಗಲೇ ಸಾಹೇಬರು ಬಂದರು. ಮೂಲೆಯಲ್ಲಿ ಉಳಿದಿದ್ದಷ್ಟನ್ನು ಗುಂಡಮ್ಮ ಸಾರಿಸಿ ಮುಗಿಸುತ್ತಿದ್ದಳು. ಬೋಳು ಗೋಡೆ ಕಂಡು ಸಾಹೇಬರಿಗೆ ಬಲು ಸಂತೋಷವಾಗಿ, "ಅಬ್ ಠೀಕ್ ಹೈ" ಎಂದು ಬೆತ್ತದಿಂದ ಗೋಡೆಯನ್ನು ಟಕ್ಕೆಂದು ಬಡಿದರು.

"ಆ!" ಎಂದು ಕೂಗಿದಳು ಕಾಶಮ್ಮ.

ಸಾಹೇಬರು ಬೆಚ್ಚಿದರು. ಇದೇನೆಂದು ತಿಳಿಯದೆ ಇನ್ನೊಂದು ಕಡೆ ಬಡಿದರು. "ಈ!" ಎಂದು ಹನ್ನೆರಡೂ ಮಕ್ಕಳು ಕೂಗಿದವು. ಸಿಟ್ಟಿಗೆದ್ದು ಮತ್ತೊಂದು ಕಡೆ ಬಡಿದರು, ಅಲ್ಲೂ ಅಕ್ಷರ ಹೊರಬಿತ್ತು. ಪಾಪ, ಕನ್ನಡ ಪಾಠ ನಿಲ್ಲಿಸಲು ಬಂದವರು ತಮ್ಮ ಕೈಯಾರೆ ಅರ್ಧ ಪಾಠ ಮಾಡಿ ಮುಗಿಸಿದ್ದರು!

"ಕಿಸ್ನೇ ಸಿಖಾಯಾ?" ಯಾರು ಕಲಿಸಿದ್ದು ಎಂದು ಗುಡುಗಿದರು.

"ನಾನ್ರಿ," ಎಂದು ಗುಂಡಮ್ಮ ಹೆಂಡಿಯ ಕೈಯಲ್ಲೇ ಎದ್ದು ನಿಂತಳು.

ಸಾಹೇಬರು ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕು, ನಿನಗೆ ಓದಲು ಬರುತ್ತದೇನು ಎಂದು ಬೆತ್ತವನ್ನು ಅವಳು ಆಗಷ್ಟೇ ಸಾರಿಸಿದ್ದ ಮೂಲೆಗೆ ಬಡಿದರು.

"ಅದು 'ಒ', ಒರಳಿಂದು. ಅದರ ಬಾಜೂಕ 'ಓ', ಓಣಿದು," ಎಂದಳು ಗುಂಡಮ್ಮ. ಚಿತ್ರ ಬರೆಯುತ್ತ ಬರೆಯುತ್ತ ಅಕ್ಷರಗಳು ತನ್ನೊಳಗೂ ಇಳಿದಿದ್ದವೆಂದು ಅವಳಿಗೂ ಆಗಲೇ ಗೊತ್ತಾದದ್ದು. ಹೆದರಿಕೆ ಹಾರಿಹೋಯಿತು. "ಯಾಕ ನಿಂತ್ರಿ? ಬಡೀರಿ ಇನ್ನಷ್ಟು!"

ಕೊಟ್ಟಿಗೆಗೆ ಕೀಲಿ ಬಿತ್ತು. ಕಲಿಸಿದವಳು ತಾನೇ ಎಂದು ಗುಂಡಮ್ಮ ಒಪ್ಪಿಕೊಂಡಿದ್ದರಿಂದ ಮಾಸ್ತರರನ್ನು ಹಿಡಿಯಲು ಸಾಹೇಬರಿಗೆ ನೆಪ ಸಿಗಲಿಲ್ಲ. ಹೆಂಡಿ ಬಳಿಯುವ ಹೆಂಗಸನ್ನು ಮಾಸ್ತರಳೆಂದು ಕಾಗದದಲ್ಲಿ ಬರೆಯಲು ಅವರಿಗೇ ನಾಚಿಕೆ. ಹಲ್ಲು ಕಡಿಯುತ್ತ ಪಂಚನಾಮೆ ಬರೆಯಲು ಕೂತರು.

ಅವರು ಬರೆದು ಮುಗಿಸಿ ಟಾಂಗಾ ಹತ್ತಿ ಓಣಿಗೆ ತಿರುಗುವಷ್ಟರಲ್ಲಿ ದಾರಿ ಕಟ್ಟಿತ್ತು. ಗುಂಡಮ್ಮ ತನ್ನ ಮನೆಯ ಹೊರಗೋಡೆಗೆ, ಇಡೀ ಭಾಲ್ಕಿಗೆ ಕಾಣುವ ಹಾಗೆ ಸುಣ್ಣದಲ್ಲಿ ಆಡು ಬರೆದು ಅದರ ಬಾಜೂಕ 'ಆ' ತಿದ್ದುತ್ತಿದ್ದಳು. ಮಕ್ಕಳು ದಾರಿಗಡ್ಡ ಕೂತಿದ್ದವು. ದಾರಿ ಬಿಡಿರೆಂದು ಶರಫೋದ್ದೀನ ಕೆಳಗಿಳಿದು ಬಂದವನು, ಗೋಡೆ ನೋಡುತ್ತ ನಿಂತುಬಿಟ್ಟ.

ಗುಂಡಮ್ಮ ತಿರುಗಿಯೂ ನೋಡಲಿಲ್ಲ. "ಸಾಹೇಬರಿಗಿ ಜರಾ ತಡೀ ಅಂತ ಹೇಳಪ್ಪ," ಎಂದಳು. "ಪಾಠ ನಡದದ."