ಮೇಲಿರಬೇಕಾದ ಕಬ್ಬಿಣ

ದೇವದಾಸ ಕಡೆಯ ಸಲ ಒಂದು ಬೀಮಿನ ಲೆಕ್ಕವನ್ನು ಕೈಯಾರೆ ಮಾಡಿದ್ದು ಯಾವಾಗ ಎಂಬುದು ನಾಸಿಕದ ಅವನ ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ನೆನಪಿರಲಿಲ್ಲ. ಹೆಸರಿಗೆ ಅವನು ಸ್ಟ್ರಕ್ಚರಲ್ ಇಂಜಿನಿಯರ್. ಅವನ ಬಂಡವಾಳವೆಲ್ಲ ಗಂಟಲು. ಕುಂದಾಪುರದ ಕಡೆಯಿಂದ ಬಂದು ಇಲ್ಲಿನ ಪಂಚವಟಿಯಲ್ಲಿ ಹೋಟೆಲ್ ನಡೆಸಿದ ಅವನ ಅಪ್ಪ, ಸಾಂಬಾರಿನ ರುಚಿ ನೋಡದೆ ಒಂದು ಬಕೆಟ್ಟನ್ನೂ ಅಡುಗೆಮನೆಯಿಂದ ಹೊರಗೆ ಬಿಟ್ಟವರಲ್ಲ. ಮಗ ಮಾತ್ರ ಡ್ರಾಯಿಂಗ್‌ನ ಮೂಲೆಯಲ್ಲಿ ತನ್ನ ಹೆಸರಿನ ಸ್ಪೆಲ್ಲಿಂಗ್ ಸರಿಯಿದೆಯೇ ಎಂದಷ್ಟೇ ನೋಡಿ ಸಹಿ ಹಾಕುತ್ತಿದ್ದ.

ಶನಿವಾರ ಮಧ್ಯಾಹ್ನ ಹೊಸಬರಿಗೆಲ್ಲ ಅವನ ಉಪದೇಶ. "ಇಂಜಿನಿಯರಿಗೆ ಬೇಕಾದ್ದು ಎಂತ? ಆತ್ಮವಿಶ್ವಾಸ! ಸೈಟಿನಲ್ಲಿ ಯಾರಾದ್ರೂ ಪ್ರಶ್ನೆ ಕೇಳಿದ್ರೆ ಕಣ್ಣು ಪಿಳಿಪಿಳಿ ಮಾಡ್ಬಾರ್ದು. ಗೊತ್ತಿಲ್ಲ ಅಂತ ಬಾಯಿ ಬಿಟ್ರೆ ಮುಗೀತು, ನಾಳೆಯಿಂದ ಗಾರೆ ಕೆಲಸದವನೂ ನಿಮ್ಮ ತಲೆ ಮೇಲೆ ಕೂರ್ತಾನೆ." ಎಲ್ಲರೂ ತಲೆಯಾಡಿಸುತ್ತಿದ್ದರು. ಕೆಲವರು ಬರೆದುಕೊಳ್ಳುತ್ತಲೂ ಇದ್ದರು.

ಬರೆದುಕೊಳ್ಳುವವರಲ್ಲಿ ನೀಲಾಂಬಿಕಾ ಒಬ್ಬಳು. ಬಿ.ಇ. ಮುಗಿಸಿ ಇಲ್ಲಿ ಸೇರಿ ಎಂಟು ತಿಂಗಳಾಗಿತ್ತು. ಅವಳ ಅವ್ವ ಭಾಗವ್ವ ಸಿಂದಗಿ ಕಡೆಯವಳು. ಮದುವೆಯಾದ ವರ್ಷವೇ ನಾಸಿಕಕ್ಕೆ ಬಂದು, ಅಲ್ಲಿನ ಸಾತಪುರದ ಕಟ್ಟಡಗಳಲ್ಲಿ ಕಾಂಕ್ರೀಟಿನ ಬುಟ್ಟಿ ಹೊತ್ತು ಮಗಳನ್ನು ಓದಿಸಿದ್ದಳು. ಕೆಲಸಕ್ಕೆ ಸೇರಿದ ದಿನ ದೇವದಾಸ, "ಮನೆಯಲ್ಲಿ ಎಂತ ಮಾಡ್ತಾರೆ?" ಎಂದು ಕೇಳಿದಾಗ ನೀಲಾಂಬಿಕಾ, "ಕನ್‌ಸ್ಟ್ರಕ್ಷನ್ ಲೈನ್, ಸರ್" ಎಂದಳು. ಅವನು ಗುತ್ತಿಗೆದಾರರ ಮಗಳೆಂದುಕೊಂಡು ಕುರ್ಚಿ ತೋರಿಸಿದ. ಅವಳು ತಿದ್ದಲಿಲ್ಲ. ಆ ಕುರ್ಚಿಯಲ್ಲಿ ಕೂತಾಗ ತನ್ನ ಬಗ್ಗೆ ಹುಟ್ಟಿದ ಹೇಸಿಗೆಯನ್ನು ಅವಳು ಬೇಗನೆ ನುಂಗಿಕೊಂಡಳು. ನುಂಗುವುದು ಅಭ್ಯಾಸವೂ ಆಯಿತು.

ಛತ್ರಪತಿ ಸಂಭಾಜಿನಗರದಲ್ಲಿ ನಾಲ್ಕು ಮಹಡಿಯ ಹಾಸ್ಟೆಲ್ ಏಳುತ್ತಿತ್ತು. ಅದರ ಬಾಲ್ಕನಿಗಳ ಡ್ರಾಯಿಂಗ್ ಮಾಡಿದವಳು ನೀಲಾಂಬಿಕಾ. ದೇವದಾಸ ಸಹಿ ಹಾಕಿದ. ಮೊದಲ ಮಹಡಿಯ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಮುನ್ನ ಕಬ್ಬಿಣ ಸರಿಯಾಗಿ ಕಟ್ಟಿದ್ದಾರೆಯೇ ಎಂದು ನೋಡಿಬರಲು ಅವಳನ್ನೇ ಕಳುಹಿಸಿದ. "ಹೋಗಿ ಎರಡು ತಪ್ಪು ಹುಡುಕು. ಇಲ್ಲದಿದ್ರೂ ಹುಡುಕು. ಒಂದು ಸಲ ಜೋರು ಮಾಡಿದ್ರೆ ಆಮೇಲೆ ಹೆದರ್ತಾರೆ."

ಬೆಳಿಗ್ಗೆ ಐದರ ಸರ್ಕಾರಿ ಎಸ್‌ಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ಮನಸ್ಸಿನಲ್ಲೇ ಜೋರು ಮಾಡುವುದನ್ನು ಅಭ್ಯಾಸ ಮಾಡಿದಳು. ವೈಜಾಪುರದಲ್ಲಿ ಚಹಾಕ್ಕೆ ಬಸ್ಸು ನಿಂತಾಗಲೂ ತುಟಿ ಅಲ್ಲಾಡುತ್ತಿತ್ತು. ಪಕ್ಕದ ಮುದುಕಿ ಅವಳು ಜಪ ಮಾಡುತ್ತಿದ್ದಾಳೆಂದು ತಿಳಿದು ಸ್ವಲ್ಪ ಸರಿದು ಕೂತಳು.

ಸೈಟಿನಲ್ಲಿ ಗುತ್ತಿಗೆದಾರ ಯಶವಂತ ಸಿಗಲಿಲ್ಲ, ಹನ್ನೊಂದಕ್ಕೆ ಬರುತ್ತಾನೆಂದರು. ಕಾಂಕ್ರೀಟಿನ ಲಾರಿಗಳೂ ಹನ್ನೊಂದಕ್ಕೇ. ಮೇಲೆ ಕಬ್ಬಿಣ ಕಟ್ಟುವ ತಂಡದ ಹಿರಿಯ ರಾಚಪ್ಪ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದ. ಅವನ ಜೊತೆ ನಾಲ್ಕು ಜನ. ಒಬ್ಬಳು ನಡುವಯಸ್ಸಿನ ದಾನಮ್ಮ. ಅವರು ಬಾಯಿ ತೆರೆದ ಕೂಡಲೇ ನೀಲಾಂಬಿಕಾಳಿಗೆ ಗೊತ್ತಾಯಿತು. ಅವ್ವನ ಮಾತು, ಅವ್ವನ ಕಡೆಯ ಕನ್ನಡ. ಅವಳು ಮುಖ ಬಿಗಿದುಕೊಂಡು ಮರಾಠಿಯಲ್ಲಿ ಶುರುಮಾಡಿದಳು. ಈ ಕಂಬದ ಹತ್ತಿರ ತಂತಿ ಸಡಿಲ, ಆ ಬೀಮಿನ ಕೆಳಗೆ ಕಸ, ಇದೇನು ಕೆಲಸವೇ, ಕಣ್ಣಿಲ್ಲವೇ. ರಾಚಪ್ಪ ಹರಕು ಮರಾಠಿಯಲ್ಲಿ "ಹೋ ಮ್ಯಾಡಮ್, ಹೋ ಮ್ಯಾಡಮ್" ಎಂದು ಎಲ್ಲಕ್ಕೂ ಒಪ್ಪುತ್ತ ಕಸ ಬಾಚಿಸಿದ. ಅವನು ಅವಳ ಅಪ್ಪನ ವಯಸ್ಸಿನವನು. ಅವಳಿಗೆ ತನ್ನ ದನಿ ಬಹಳ ಹಿಡಿಸಿತು.

ಬಾಲ್ಕನಿಯ ಹತ್ತಿರ ಬಂದು ಡ್ರಾಯಿಂಗ್ ಬಿಡಿಸಿದಾಗ ಬೆನ್ನ ಹಿಂದೆ ದಾನಮ್ಮ, ದನಿ ತಗ್ಗಿಸುವ ಗೋಜಿಗೂ ಹೋಗದೆ, ಕನ್ನಡದಲ್ಲಿ ಹೇಳಿದಳು:

"ನೋಡು, ಹೆಂಗ ನೋಡಾಕ್ಹತ್ಯಾಳ. ಬಾಲ್ಕನಿ ಕಬ್ಬಿಣದ ಸಳಿ ಮ್ಯಾಲ ಬರಬೇಕು ಅನ್ನೂದು ನನ್ನಂಥ ಹೆಬ್ಬೆಟ್ಟಿನಾಕಿಗಿ ಗೊತ್ತೈತಿ. ಇವರು ಕೆಳಗ ಬರದು ಕಳಿಸ್ಯಾರ."

"ಸುಮ್ನಿರ," ಎಂದ ರಾಚಪ್ಪ. "ಹೋದ ಸಲ ನಮ್ಮ ಮಹಿಬೂಬ ಹಿಂಗ ಬಾಯಿ ಹಾಕಿದ್ದಕ್ಕ ಆ ನಾಸಿಕದ ದೊಡ್ಡ ಸಾಹೇಬ ಅವನ್ನ ಸೈಟಿನಿಂದನ ತಗಸಿದ. ಕಾಗದದಾಗ ಇದ್ದಂಗ ಕಟ್ಟೂದು. ಬಿದ್ರ ಅವರ ಕಾಗದ ಬೀಳ್ತೈತಿ."

"ಕಾಗದ ಬೀಳಂಗಿಲ್ಲೋ ಅಣ್ಣಾ. ಮ್ಯಾಲ ನಿಂತ ಪೋರಗೋಳು ಬೀಳ್ತಾವ."

ನೀಲಾಂಬಿಕಾ ಡ್ರಾಯಿಂಗ್ ನೋಡಿದಳು. ಮತ್ತೆ ನೋಡಿದಳು. ಗೋಡೆಯಿಂದ ಆರಡಿ ಹೊರಗೆ ಚಾಚಿದ ಬಾಲ್ಕನಿಗೆ ಆಧಾರ ಒಂದೇ ಕಡೆ. ಭಾರ ಬಿದ್ದಾಗ ಅದು ಕೆಳಕ್ಕೆ ಬಾಗುತ್ತದೆ, ಮೇಲ್ಮೈ ಹಿಗ್ಗುತ್ತದೆ. ಹಿಗ್ಗುವುದನ್ನು ಕಾಂಕ್ರೀಟು ತಡೆಯಲಾರದು, ತಡೆಯಬೇಕಾದ್ದು ಕಬ್ಬಿಣ. ಎರಡನೇ ವರ್ಷದ ಪಾಠ. ಅವಳು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದ ಪ್ರಶ್ನೆ. ಡ್ರಾಯಿಂಗ್‌ನಲ್ಲಿ ದಪ್ಪ ಸರಳುಗಳು ಕೆಳಗಿದ್ದವು. ಹಳೆಯ ಯಾವುದೋ ಕೆಲಸದಿಂದ, ಎರಡೂ ಕಡೆ ಆಧಾರವಿದ್ದ ಸ್ಲ್ಯಾಬಿನ ಚಿತ್ರವನ್ನು ಎತ್ತಿ ಇಲ್ಲಿ ಕೂರಿಸಿದ್ದಳು. ಅಂದು ಅನುಮಾನ ಬಂದಿತ್ತು. ಕೇಳಿದರೆ ಆತ್ಮವಿಶ್ವಾಸವಿಲ್ಲ ಅನ್ನುತ್ತಾರೆಂದು ಕೇಳಿರಲಿಲ್ಲ.

ಹತ್ತೂಕಾಲು. ಅವಳು ಮೆಟ್ಟಿಲ ಸಂದಿಗೆ ಹೋಗಿ ದೇವದಾಸನಿಗೆ ಫೋನ್ ಮಾಡಿದಳು.

"ಸರ್, ಬಾಲ್ಕನಿಯ ಮೇನ್ ಸ್ಟೀಲ್ ಕೆಳಗಿದೆ. ನಮ್ಮ ಡ್ರಾಯಿಂಗೇ ತಪ್ಪು."

"ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ."

"ಹೇಳ್ಬೇಡ. ಕಾಂಕ್ರೀಟ್ ಹಾಕ್ಲಿ. ಸೇಫ್ಟಿ ಫ್ಯಾಕ್ಟರ್ ಅಂತ ಹೆಚ್ಚಿನ ಬಲ ಇಟ್ಟಿರ್ತೇವಲ್ಲ ಮಾರಾಯ್ತಿ, ಅದೆಲ್ಲ ತಡ್ಕೊಳ್ತದೆ. ಮೇಲಿನ ಮಹಡಿಯಿಂದ ಸರಿ ಮಾಡುವ. ಈಗ ನಿಲ್ಲಿಸಿದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು?"

"ಸರ್, ಕಬ್ಬಿಣವೇ ಆ ಕಡೆ ಇಲ್ಲದಿದ್ದರೆ ಸೇಫ್ಟಿ ಫ್ಯಾಕ್ಟರ್ ಏನು ತಡೆಯುತ್ತೆ?"

"ನನಗೆ ಕಲಿಸ್ತೀಯಾ? ಇಪ್ಪತ್ತೆರಡು ವರ್ಷದ ಅನುಭವ ನಂದು!"

ನೀಲಾಂಬಿಕಾಳಿಗೆ ಆ ಕ್ಷಣ ಸ್ಪಷ್ಟವಾಯಿತು: ಈ ಮನುಷ್ಯನಿಗೆ ನಿಜವಾಗಿಯೂ ಗೊತ್ತಿಲ್ಲ. ಬಾಲ್ಕನಿ ತಡೆಯುತ್ತದೆಯೋ ಇಲ್ಲವೋ ಎಂದು ಅವನು ಲೆಕ್ಕ ಹಾಕಿ ಹೇಳುತ್ತಿಲ್ಲ, ಸುಮ್ಮನೆ ಹೇಳುತ್ತಿದ್ದಾನೆ. ಎಂಟು ತಿಂಗಳು ಅವಳು ದೊಡ್ಡದೆಂದು ನಂಬಿದ್ದು ಇದನ್ನು. ಅದಕ್ಕಿಂತ ಹೆಚ್ಚು ಅಸಹ್ಯವಾದದ್ದು, ಬೆಳಗಿನಿಂದ ಇದೇ ದನಿಯನ್ನು ತಾನೂ ತೆಗೆದದ್ದು. ಅವಳು ಫೋನ್ ಕಟ್ ಮಾಡಿದಳು.

ಮೇಲೆ ಬಂದು ಬಾಲ್ಕನಿಯ ಅಂಚಿನಲ್ಲಿ ನಿಂತಳು. "ರಾಚಪ್ಪಣ್ಣಾರ," ಎಂದಳು ಕನ್ನಡದಲ್ಲಿ. "ಇದು ತಪ್ಪೈತ್ರಿ. ಬರದಾಕಿ ನಾನ. ಎಲ್ಲಾ ಬಿಚ್ಚಿ ದಪ್ಪ ಸಳಿ ಮ್ಯಾಲ ಕಟ್ರಿ. ಒಳಗ ಸ್ಲ್ಯಾಬಿನ್ಯಾಗ ಎಷ್ಟು ದೂರ ಒಯ್ಯಬೇಕು ಅಂತ ನಾನು ಲೆಕ್ಕ ಹಾಕಿ ಈಗ ಗುರ್ತು ಮಾಡಿ ಕೊಡ್ತೀನಿ."

ಯಾರೂ ಅಲ್ಲಾಡಲಿಲ್ಲ. ದಾನಮ್ಮ ಸೊಂಟದ ಮೇಲೆ ಕೈಯಿಟ್ಟು ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಯಾವೂರಾಕಿ ನೀ?"

"ನಮ್ಮವ್ವ ಸಿಂದಗಿ ಕಡಿಯಾಕಿ. ನಾಸಿಕದಾಗ ಬುಟ್ಟಿ ಹೊರ್ತಿದ್ಲು."

"ಮತ್ತ ಮುಂಜಾನಿಂದ ಬಾಯಿಗಿ ಏನಾಗಿತ್ತು?"

ದಾನಮ್ಮ ಉತ್ತರಕ್ಕೆ ಕಾಯಲಿಲ್ಲ. "ಹೆತ್ತಾಕಿ ಮಾತು ಆಡಾಕ ನಾಚಿದ್ಲು," ಎಂದು ರಾಚಪ್ಪನಿಗೆ ಹೇಳಿ, ತಂತಿ ಬಿಚ್ಚುವ ಕೊಕ್ಕೆ ಎತ್ತಿಕೊಂಡು ಬಾಲ್ಕನಿಗೆ ಇಳಿದಳು.

ಹನ್ನೊಂದಕ್ಕೆ ಯಶವಂತ ಬಂದ; ಹಿಂದೆಯೇ ಎರಡು ಲಾರಿ. ಬಿಚ್ಚಿಹಾಕಿದ ಸರಳುಗಳನ್ನು ಕಂಡು ಕೆಳಗಿನಿಂದಲೇ ಕೂಗುತ್ತ ಹತ್ತಿದ. ದೇವದಾಸ ಆಗಲೇ ಅವನಿಗೂ ಫೋನ್ ಮಾಡಿದ್ದ. ಹುಡುಗಿ ಹೊಸಬಳು, ಗಾಬರಿಯಾಗಿದ್ದಾಳೆ, ಕಿವಿಗೊಡಬೇಡಿ ಎಂದಿದ್ದ.

"ಯಾರ ತಪ್ಪು ಇದು? ನಿಮ್ಮದಾ, ಇವರದಾ?"

"ನನ್ನದು," ಎಂದಳು ನೀಲಾಂಬಿಕಾ ಮರಾಠಿಯಲ್ಲಿ. "ಇವರು ಡ್ರಾಯಿಂಗ್‌ನಲ್ಲಿ ಇದ್ದ ಹಾಗೆ ಕಟ್ಟಿದ್ದಾರೆ."

"ಕಾಲೇಜಿನಲ್ಲಿ ಏನು ಹೇಳಿಕೊಟ್ಟರು ನಿಮಗೆ? ರಂಗೋಲಿಯಾ?"

ಕೆಲಸಗಾರರು ನಕ್ಕರು. ಅವಳ ಮುಖ ಕೆಂಪೇರಿತು, ಆದರೆ ದನಿ ಏರಲಿಲ್ಲ. ನೋಟ್‌ಬುಕ್ಕಿನಲ್ಲಿ ಬಾಲ್ಕನಿಯ ಅಡ್ಡಚಿತ್ರ ಬರೆದು, ಎಲ್ಲಿ ಬಿರುಕು ಬಿಡುತ್ತದೆ, ಯಾಕೆ, ಎಂದು ಬೆರಳಿಟ್ಟು ತೋರಿಸಿದಳು. ಯಶವಂತ ಕೂಗುವುದನ್ನು ನಿಲ್ಲಿಸಿ ಚಿತ್ರ ನೋಡಿದ. ಆಮೇಲೆ ರಾಚಪ್ಪನ ಕಡೆ ತಿರುಗಿದ. ರಾಚಪ್ಪ ತಲೆಯಾಡಿಸಿದ. ಯಶವಂತ ಕಚೇರಿಯವರಿಗೆಲ್ಲ ಸೇರಿಸಿ ಒಂದು ಬೈಗುಳ ಬೈದು ಲಾರಿಗಳನ್ನು ಬೇರೆ ಸೈಟಿಗೆ ತಿರುಗಿಸಿದ. ಸಂಜೆ ಆರರವರೆಗೆ ನೀಲಾಂಬಿಕಾ ಟೇಪು ಹಿಡಿದು ಒಂದೊಂದೇ ಸರಳು ಅಳೆದಳು. ಒಂದು ಕಡೆ ಅಳತೆ ತಪ್ಪಿದಳು, ರಾಚಪ್ಪ ತೋರಿಸಿದ, ತಿದ್ದಿಕೊಂಡಳು. ಯಾರೂ ಅವಳನ್ನು ಹೊಗಳಲಿಲ್ಲ, ಊಟಕ್ಕೂ ಕರೆಯಲಿಲ್ಲ.

ಮುಂದಿನ ಶನಿವಾರದ ಹೊತ್ತಿಗೆ ಕಥೆ ಬದಲಾಗಿತ್ತು. ಸಂಭಾಜಿನಗರದ ದೊಡ್ಡ ತಪ್ಪೊಂದನ್ನು ದೇವದಾಸ ನಾಸಿಕದಲ್ಲಿ ಕೂತೇ ಹಿಡಿದಿದ್ದನಂತೆ. ಹಾಸ್ಟೆಲಿನ ಮಾಲೀಕರು ಅವನಿಗೆ ಸಿಹಿ ಕಳುಹಿಸಿದ್ದರು. ಅದನ್ನು ಬಾಯಿಗೆ ಹಾಕಿಕೊಳ್ಳುತ್ತ ಅವನು ಹೊಸಬರ ಮುಂದೆ, "ನನ್ನ ಸೂಚನೆಯಂತೆ ನೀಲಾಂಬಿಕಾ ಸೈಟಿನಲ್ಲಿ ಎಷ್ಟು ಧೈರ್ಯವಾಗಿ ನಿಂತಳು, ಅವಳೇ ಹೇಳ್ಲಿ," ಎಂದ.

ಅವಳು ಎದ್ದು ನಿಂತಳು. "ಬಾಲ್ಕನಿಯ ಡ್ರಾಯಿಂಗ್ ತಪ್ಪು ಮಾಡಿದ್ದು ನಾನು. ನೋಡದೆ ಸಹಿ ಹಾಕಿದ್ದು ಸರ್. ತಪ್ಪು ಹಿಡಿದಿದ್ದು ದಾನಮ್ಮ ಎಂಬ ಕೆಲಸದವರು. ನಾನು ಫೋನ್ ಮಾಡಿದಾಗ ಸರ್, ಕಾಂಕ್ರೀಟ್ ಹಾಕಲಿ ಅಂದರು." ಇಷ್ಟು ಹೇಳಿ ಕೂತಳು.

ದೇವದಾಸ ನಕ್ಕ. ಬೇರೆ ಯಾರೂ ನಗದಿದ್ದಾಗ ಆ ನಗು ಬಾಯಲ್ಲಿದ್ದ ಪೇಡೆಗೆ ಸಿಕ್ಕಿ ಕೆಮ್ಮಾಯಿತು. ಅವಳನ್ನು ಕೆಲಸದಿಂದ ತೆಗೆಯುವ ಧೈರ್ಯವೂ ಅವನಿಗೆ ಬರಲಿಲ್ಲ, ಹೊರಗೆ ಹೋಗಿ ಇನ್ನೇನು ಹೇಳುತ್ತಾಳೋ ಎಂದು. ಶಿಕ್ಷೆಯೆಂದು ಅವಳಿಗೆ ಸೈಟು ಬಿಡಿಸಿ, ಎಲ್ಲರ ಡ್ರಾಯಿಂಗುಗಳನ್ನು ತಾಳೆ ನೋಡುವ ಕೆಲಸಕ್ಕೆ ಹಾಕಿದ. "ಗುಮಾಸ್ತಿಕೆ ಮಾಡ್ಲಿ," ಎಂದನಂತೆ.

ಎರಡು ತಿಂಗಳಲ್ಲಿ ಅವಳು ಹನ್ನೊಂದು ಡ್ರಾಯಿಂಗ್ ವಾಪಸ್ ಕಳುಹಿಸಿದಳು. ಅವುಗಳಲ್ಲಿ ಎರಡರ ಬಗ್ಗೆ ಅವಳ ಮಾತೇ ತಪ್ಪಾಗಿತ್ತು. ಅದ್ವೈತ್ ಎಂಬ ಹೊಸ ಹುಡುಗ ಲೆಕ್ಕ ತೋರಿಸಿದಾಗ ಒಪ್ಪಿಕೊಂಡಳು. ಅದಾದ ಮೇಲೆ ಅದ್ವೈತ್ ಗೊತ್ತಾಗದ್ದನ್ನು ಬಂದು ಕೇಳತೊಡಗಿದ. ಒಳಗಿನ ಕೋಣೆಯಲ್ಲಿ ದೇವದಾಸ ಯಾರಿಗೋ ಫೋನಿನಲ್ಲಿ ಏರುದನಿಯಲ್ಲಿ ಭರವಸೆ ಕೊಡುತ್ತಿದ್ದರೆ ಅವರಿಬ್ಬರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಅವಳು ಎದ್ದು ಆ ಕೋಣೆಯ ಬಾಗಿಲು ಮುಂದೆ ಮಾಡಿ ಬಂದು, ಪೆನ್ಸಿಲ್ ಹಿಡಿದು, ಬೀಮಿನ ಲೆಕ್ಕವನ್ನು ಮೊದಲಿನಿಂದ ಶುರುಮಾಡುತ್ತಿದ್ದಳು.