ಎರಡೂ ಕಪ್ಪೇ ಅಲ್ಲವೇ?

ಮಗಳ ಮದುವೆಯಾಗಿ ಅವಳ ಕೋಣೆ ಖಾಲಿಯಾದದ್ದೇ ತಡ, ಅದು ಇನ್ನು ನನ್ನದು ಎಂದು ಹೇಳಿಬಿಟ್ಟೆ. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ನಿಂತು ಕೆಲಸ ಮಾಡುವವಳು ನಾನು. ಬಿಳಿ ಗೋಡೆ, ಬಿಳಿ ದೀಪ, ಸುತ್ತಲೂ ಕನ್ನಡಿ; ಮನೆ ಸೇರುವಷ್ಟರಲ್ಲಿ ಕಣ್ಣು ಉರಿಯುತ್ತಿರುತ್ತದೆ. ನನಗೆ ಕಪ್ಪಿಗೆ ಹತ್ತಿರದ, ಕಣ್ಣಿಗೆ ತಂಪಾದ ಗೋಡೆ ಬೇಕಿತ್ತು. ಬಣ್ಣದ ಮೇಸ್ತ್ರಿ ಗೋಡೆಯ ಮೇಲೆ ಎರಡು ಪಟ್ಟಿ ಬಳಿದು ತೋರಿಸಿದರು. ಒಂದು ಕಡುಹಸಿರು, ಇನ್ನೊಂದು ಕಡುನೀಲಿ. ನಾನು ಹಸಿರು ಎಂದೆ. ನನ್ನ ಗಂಡ ಬಾಗಿಲಲ್ಲಿ ನಿಂತು ನೀಲಿ ಎಂದರು.

"ನೀವಿಲ್ಲಿ ಮಲಗೋದೂ ಇಲ್ಲ, ಕೂರೋದೂ ಇಲ್ಲ. ನಿಮಗ್ಯಾಕ್ರೀ?"

"ಮನೆ ನನ್ನದೂ ಅಲ್ವೇನೇ? ಎರಡೂ ಕಪ್ಪೇ ತಾನೆ? ಇಷ್ಟು ಸಣ್ಣದಕ್ಕೆ ಹಟ ಯಾಕೆ, ಬಿಟ್ಬಿಡು."

"ಅಷ್ಟು ಸಣ್ಣದಾದ್ರೆ ನೀವೇ ಬಿಟ್ಬಿಡಿ."

ಗಲಾಟೆ ಕೇಳಿ ಅತ್ತೆ ಅಡುಗೆಮನೆಯಿಂದ ಬಂದರು. ಈ ಮನೆಯಲ್ಲಿ ಯಾವ ಜಗಳಕ್ಕೂ ಅತ್ತೆಯ ತೀರ್ಪು ಒಂದೇ: ಅರ್ಧ ಅರ್ಧ. ಒಬ್ಬರಿಗೆ ಸೆಕೆ, ಇನ್ನೊಬ್ಬರಿಗೆ ಚಳಿ ಎಂದರೆ ಕಿಟಕಿ ಅರ್ಧ ತೆರೆದಿರಬೇಕು. ನನಗೆ ಖಾರ ಬೇಕು, ಅವರಿಗೆ ಬೇಡ ಎಂದರೆ ಅಡುಗೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಕೇಳುವುದಕ್ಕೇನೋ ನ್ಯಾಯವೇ. ಆದರೆ ಇಷ್ಟು ವರ್ಷದಲ್ಲಿ ಇಡಿಯಾಗಿ ನನ್ನದು ಅನ್ನುವಂಥ ಒಂದು ಚಮಚವೂ ಈ ಮನೆಯಲ್ಲಿಲ್ಲ. ಅರ್ಧಕ್ಕೆ ಒಪ್ಪಿ ಒಪ್ಪಿ ಸಾಕಾಗಿತ್ತು. "ಈ ಸಲ ಅರ್ಧ ಇಲ್ಲ ಅತ್ತೆ," ಎಂದು ಹೇಳಿ ಕೆಲಸಕ್ಕೆ ಹೋದೆ.

ಸಂಜೆ ಬಂದು ನೋಡುತ್ತೇನೆ, ನಾಲ್ಕೂ ಗೋಡೆ ಮುಗಿದಿವೆ. ಹಸಿರೂ ಅಲ್ಲ, ನೀಲಿಯೂ ಅಲ್ಲ, ಪಾಚಿಗಟ್ಟಿದ ನೀರಿನ ಬಣ್ಣ. ನನ್ನ ಗಂಡ ಎರಡೂ ಡಬ್ಬ ತರಿಸಿ, ಒಂದೇ ಬಕೆಟ್ಟಿಗೆ ಸುರಿಸಿ, ಕಲಸಿ ಬಳಿಸಿಬಿಟ್ಟಿದ್ದರು!

"ಯಾರಿಗೂ ಬೇಜಾರಾಗದ ಹಾಗೆ ಮಾಡಿದೀನಿ," ಎಂದರು, ದೊಡ್ಡ ಉಪಕಾರ ಮಾಡಿದವರ ಹಾಗೆ.

"ನನಗೆ ಆಗಿದೆಯಲ್ಲ! ನಾನು ಯಾರೂ ಅಲ್ವಾ?"

ಮೈಯೆಲ್ಲ ಉರಿದುಹೋಯಿತು. "ಹೋಗ್ಲಿ ಬಿಡಮ್ಮ, ಹೊಂದ್ಕೊಂಡು ಹೋಗೋದೇ ಸಂಸಾರ," ಎಂದರು ಅತ್ತೆ. ಆ ಹೊಂದಿಕೊಳ್ಳುವ ಕೆಲಸ ಯಾವಾಗಲೂ ನನ್ನ ಪಾಲಿಗೇ ಯಾಕೆ ಬರುತ್ತದೆ ಎಂದು ಕೇಳಿದೆ. ಅತ್ತೆ ಅಡುಗೆಮನೆಗೆ ನಡೆದರು, ಗಂಡ ಪೇಪರ್ ಬಿಡಿಸಿಕೊಂಡು ಕೂತರು.

ರಜೆಯ ದಿನ ಬಂತು. ಗಂಡ ಹೊರಗೆ ಹೋಗಿದ್ದರು. ನಾನೇ ಹೋಗಿ ಕಡುಹಸಿರಿನ ಡಬ್ಬ ತಂದೆ. ನೆಲಕ್ಕೆ ಹಳೆ ಪೇಪರ್ ಹಾಸಿ ರೋಲರ್ ಹಿಡಿದೆ. ಮೊದಲ ಕೋಟು ಗೆರೆಗೆರೆಯಾಯಿತು. ಒಣಗಲು ಬಿಟ್ಟು ಎರಡನೆಯದು ಹೊಡೆದೆ. ಭುಜ ಕಿತ್ತು ಬಂತು, ಮೂಗಿನ ಮೇಲೆಲ್ಲ ಬಣ್ಣ. ಆದರೆ ಗೋಡೆ ಹೇಗೆ ಬಂತು ಅಂತೀರಿ! ಸುಮ್ಮನೆ ನೋಡುತ್ತಾ ಕೂತರೆ ಕಣ್ಣಿನ ಉರಿ ಇಳಿಯುತ್ತಿತ್ತು.

ಸಂಜೆ ಗಂಡ ಬಂದರು. ಕೋಣೆಯ ನಡುವೆ ನಿಂತು ಸುತ್ತ ನೋಡಿದರು. ಮುಖ ಅರಳಿತು.

"ಅಂತೂ ನನ್ನ ನೀಲಿಗೇ ಬಂದೆ ನೋಡು! ಚೆನ್ನಾಗಿರುತ್ತೆ ಅಂತ ನಾನು ಮೊದಲೇ ಹೇಳ್ಲಿಲ್ವಾ?"

ನಾನು ತಂದದ್ದು ಯಾವ ಡಬ್ಬ ಎಂದು ಅತ್ತೆಗೆ ಗೊತ್ತಿತ್ತು, ಬಾಗಿಲು ತೆಗೆದವರೇ ಅವರು. ಮಗನ ಬೆನ್ನ ಹಿಂದಿನಿಂದ ನನಗೆ ಕಣ್ಸನ್ನೆ ಮಾಡಿದರು, ಸುಮ್ಮನಿರು ಎಂದು. ಸುಮ್ಮನಿದ್ದರೆ ಎಲ್ಲ ಸುಸೂತ್ರ. ಗೋಡೆ ನನ್ನದು, ಗೆಲುವು ಅವರದು. ಮತ್ತದೇ ಅರ್ಧ ಅರ್ಧ!

"ಇದು ಹಸಿರು ರೀ," ಎಂದೆ. "ನಾನು ಕೇಳಿದ್ದು. ನಾನೇ ತಂದಿದ್ದು, ನಾನೇ ಬಳಿದಿದ್ದು."

ಅವರು ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. "ಯಾವುದಾದ್ರೇನೀಗ? ನಾನು ನೀಲಿ ಅಂದ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?"

"ಹೋಗುತ್ತೆ. ನಿಮಗೆ ನೀಲಿ ಯಾವುದು, ಹಸಿರು ಯಾವುದು ಅಂತಾನೇ ಗೊತ್ತಿಲ್ಲ. ಆದ್ರೂ ನನ್ನ ಮಾತು ನಡೀಬಾರದು ಅಂತ ಜಗಳಕ್ಕೆ ನಿಂತ್ರಿ. ಈಗ ಹಸಿರು ಅನ್ನಿ."

"ಏನೇ ಇದು, ಮಕ್ಕಳಾಟ?"

"ಅನ್ನಿ." ಹೋಗಿ ಬಾಗಿಲಿಗೆ ಅಡ್ಡ ನಿಂತೆ.

ಅವರು ಸಹಾಯಕ್ಕೆ ತಾಯಿಯ ಕಡೆ ತಿರುಗಿದರು. ಅತ್ತೆ ಒಂದು ಗಳಿಗೆ ನನ್ನ ಬಣ್ಣ ಹತ್ತಿದ ಕೈಗಳನ್ನೇ ನೋಡಿದರು.

"ಹಸಿರು ಕಣೋ," ಎಂದರು. "ಅವಳು ಕೇಳಿದ್ದೇ ಅದು. ಅನ್ನು."

ಗಂಡ ಹಸಿರು ಅನ್ನುವವರೆಗೂ ನಾನು ಬಾಗಿಲು ಬಿಟ್ಟು ಕದಲಲಿಲ್ಲ.