ಬ್ಲ್ಯಾಂಕಿನಲ್ಲಿ ಸಿಕ್ಕ ಸತು

ಬೆಳಿಗ್ಗೆ ಹತ್ತೂಕಾಲು ಗಂಟೆಗೆ ಶುದ್ಧ ನೀರಿನಲ್ಲಿ ಸತು ಸಿಕ್ಕಿತು. ಎರಡು ಸಲ ಬಟ್ಟಿ ಇಳಿಸಿದ, ಒಳಗೆ ಏನೂ ಇರಬಾರದ ನೀರು ಅದು.

ಪ್ರಯೋಗಾಲಯದಲ್ಲಿ ಅದನ್ನು ಬ್ಲ್ಯಾಂಕ್ ಎನ್ನುತ್ತಾರೆ. ಪರೀಕ್ಷೆಗೆ ಬಂದ ನೀರಿಗೆ ಹಾಕುವಷ್ಟೇ ಆಮ್ಲವನ್ನು ಬಟ್ಟಿ ನೀರಿಗೂ ಹಾಕಿ ಅದೇ ಯಂತ್ರಕ್ಕೆ ಕುಡಿಸುತ್ತಾರೆ. ಯಂತ್ರ ಅದನ್ನು ಜ್ವಾಲೆಯೊಳಕ್ಕೆ ಸಿಂಪಡಿಸಿ, ಅದರಲ್ಲಿರುವ ಲೋಹ ಎಷ್ಟು ಬೆಳಕು ಹೀರಿತೆಂದು ಅಳೆಯುತ್ತದೆ. ಬ್ಲ್ಯಾಂಕಿಗೆ ಸೊನ್ನೆಯ ಆಸುಪಾಸಿನ ಅಂಕಿ ಬರಬೇಕು. ಬಾರದಿದ್ದರೆ ಮಿಕ್ಕ ಯಾವ ಅಂಕಿಯನ್ನೂ ನಂಬುವಂತಿಲ್ಲ.

ಯಂತ್ರದ ಮುಂದೆ ಕೂತವಳು ವಿಶ್ಲೇಷಣಾ ರಸಾಯನಶಾಸ್ತ್ರದ ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿದ್ದಳು. ಹೆರಿಗೆಗೆಂದು ಒಂದು ವರ್ಷ ಬಿಟ್ಟು ಮರಳಿದ್ದರಿಂದ ತರಗತಿಗೆಲ್ಲ ದೊಡ್ಡವಳು. ಎಲ್ಲರ ಬಾಯಲ್ಲೂ ಅಕ್ಕ. ಅಧ್ಯಾಪಕರಲ್ಲೂ ಇಬ್ಬರು ಬಾಯಿತಪ್ಪಿ ಹಾಗೆ ಕರೆದದ್ದುಂಟು. ಸತು ಬಳಿದ ಹಳೆಯ ಕಬ್ಬಿಣದ ಕೊಳವೆಗಳಿಂದ ನಲ್ಲಿ ನೀರಿಗೆ ಎಷ್ಟು ಸತು ಇಳಿಯುತ್ತದೆ, ಪ್ಲಾಸ್ಟಿಕ್ ಕೊಳವೆಯ ಮನೆಗಳಲ್ಲಿ ಎಷ್ಟಿರುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಹಳೆಯ ಕೊಳವೆಗಳ ಪರೀಕ್ಷೆ ಹಿಂದಿನ ವಾರವೇ ತೊಂದರೆಯಿಲ್ಲದೆ ಮುಗಿದಿತ್ತು. ಪ್ಲಾಸ್ಟಿಕ್ ಕೊಳವೆಯ ನೀರು ಬಾಕಿ. ಮರುದಿನ ಸಂಜೆ ಯಂತ್ರದ ಸರದಿ ಮಣ್ಣು ವಿಭಾಗಕ್ಕೆ ಹೋಗುತ್ತಿತ್ತು, ಅದೂ ಎರಡು ತಿಂಗಳು. ಅಷ್ಟರೊಳಗೆ ಕೆಲಸ ಮುಗಿಯದಿದ್ದರೆ ಇಡೀ ಸೆಮಿಸ್ಟರ್ ಮತ್ತೊಮ್ಮೆ. ಈಗಾಗಲೇ ಒಂದು ವರ್ಷ ಹಿಂದುಳಿದವಳಿಗೆ ಅದು ಬೇಡವಾಗಿತ್ತು.

“ಎಷ್ಟು ಬಂತಕ್ಕ?” ಪಕ್ಕದ ಮೇಜಿನ ಸಹಪಾಠಿ ಇಣುಕಿದ. ಉದ್ದಕ್ಕೆ, ಸಪೂರವಾಗಿ, ನಡುವಿನಲ್ಲಿ ಮಾತ್ರ ಚೂರು ದಪ್ಪಗಿದ್ದ ಅವನಿಗೆ, ದ್ರವ ಅಳೆಯುವ ಅದೇ ಆಕಾರದ ಗಾಜಿನ ನಳಿಗೆಯನ್ನು ನೆನೆದು, ಪಿಪೆಟ್ ಎಂದು ಹೆಸರಿಟ್ಟಿದ್ದರು.

“ನೋಡು. ಈ ನೀರು ಕುಡಿದ್ರೆ ಟಾನಿಕ್ ಬೇರೆ ಬೇಡ.”

“ಕಳೆದುಬಿಡಿ. ಎಲ್ಲದರಿಂದ ಬ್ಲ್ಯಾಂಕ್ ಮೈನಸ್. ಮುಗೀತು, ಟೀಗೆ ಹೋಗೋಣ.”

“ಒಂದೇ ಸಮ ಬಂದ್ರೆ ತಾನೇ ಕಳೆಯೋದು? ಮೊದಲನೇದು ಇಷ್ಟು, ಎರಡನೇದು ಅದರರ್ಧ, ಮೂರನೇದು ಮೊದಲನೇದರ ಎರಡರಷ್ಟು. ಯಾವುದನ್ನ ಕಳೀಲಿ, ನಿನ್ನನ್ನಾ?”

ಅವಳು ಬಟ್ಟಿ ನೀರು ಬದಲಾಯಿಸಿದಳು. ಆಮ್ಲದ ಹೊಸ ಬಾಟಲಿ ತೆರೆದಳು. ಫ್ಲಾಸ್ಕುಗಳನ್ನು ಮತ್ತೆ ಆಮ್ಲದಲ್ಲಿ ನೆನೆಸಿ ತೊಳೆದಳು. ಕೈಗವಸಿನ ಪೆಟ್ಟಿಗೆಯ ಮೇಲೆ ಸಂಶಯ ಬಂದು ಅದನ್ನೂ ಬದಲಾಯಿಸಿದಳು. ಪಿಪೆಟ್ ತನ್ನ ಪಾಲಿನ ಸೇವೆಯೆಂದು, ಧೂಳು ಹಾರದಿರಲೆಂದು ಫ್ಯಾನ್ ಆರಿಸಿ, ಎಲ್ಲರೂ ಬೆವರುವಂತೆ ಮಾಡಿದ. ಸತು ಜಗ್ಗಲಿಲ್ಲ.

ಹನ್ನೊಂದೂವರೆಗೆ ಮಾರ್ಗದರ್ಶಕಿ ಬಂದರು. ಸಿಟ್ಟು ಬಂದಷ್ಟೂ ದನಿ ಇಳಿಸುವ ಹೆಂಗಸು; ಅಂದು ಅವರ ಮಾತು ಕೇಳಲು ಇಬ್ಬರೂ ಮುಂದಕ್ಕೆ ಬಾಗಬೇಕಾಯಿತು.

“ಸಾಮಾನೆಲ್ಲ ಬದಲಾಯಿಸಿದ್ದೀಯ. ಬದಲಾಯಿಸದೆ ಉಳಿದದ್ದು ಏನಮ್ಮ?”

“ಏನೂ ಇಲ್ಲ ಮೇಡಂ.”

“ಇದೆ. ನೀನು.” ಅವರು ಪಿಪೆಟ್‌ನತ್ತ ತಿರುಗಿದರು. “ಅದೇ ನೀರು, ಅದೇ ಆಮ್ಲ. ನೀನು ಮಾಡು. ಇವಳು ಯಾವುದನ್ನೂ ಮುಟ್ಟೋದು ಬೇಡ.”

ಪಿಪೆಟ್ ಮಾಡಿದ. ಸೊನ್ನೆ ಬಂತು. ಅವನು ನಗು ತಡೆಯಲು ನೋಡಿದ, ಆಗಲಿಲ್ಲ.

“ಅಕ್ಕ, ನಾನೇನೂ ಮಾಡಿಲ್ಲ.”

“ಗೊತ್ತು ಕಣೋ. ಏನೂ ಮಾಡದೆ ಸೊನ್ನೆ ತರೋದು ನಿನಗೆ ಪರೀಕ್ಷೆಯಲ್ಲೇ ರೂಢಿ.”

ಮಾತು ಹಾಗೆ ಬಂದರೂ ಅವಳ ಕಿವಿ ಬಿಸಿಯಾಗಿತ್ತು. ಮೇಡಂ ಬಿಡಲಿಲ್ಲ. “ಕೈಗೆ ಏನು ಹಚ್ಚಿಕೊಳ್ತೀಯ? ಪೌಡರ್, ಕ್ರೀಮ್?”

“ತಲೆ ಬಾಚ್ಕೊಳ್ಳೋಕೇ ಪುರುಸೊತ್ತಿಲ್ಲ ಮೇಡಂ. ಮೊನ್ನೆ ಒಂದೊಂದು ಕಾಲಿಗೆ ಒಂದೊಂದು ಥರ ಚಪ್ಪಲಿ ಹಾಕ್ಕೊಂಡು ಬಂದಿದ್ದೆ.”

“ನಾನು ನೋಡಿದೆ,” ಎಂದ ಪಿಪೆಟ್.

ಮೇಡಂ ಒಂದು ಬೀಕರಿನಲ್ಲಿ ಸ್ವಲ್ಪ ಬಟ್ಟಿ ನೀರು, ಎರಡು ಹನಿ ಆಮ್ಲ ಹಾಕಿಕೊಟ್ಟು ಬೆರಳು ಅದ್ದಲು ಹೇಳಿದರು. ಆ ನೀರನ್ನು ಯಂತ್ರಕ್ಕೆ ಕೊಟ್ಟಾಗ ಅಂಕಿ ಏರಿ ಏರಿ, ಅಳತೆಯ ಮಿತಿ ದಾಟಿದೆ ಎಂಬ ಸೂಚನೆ ಪರದೆಯ ಮೇಲೆ ಬಂತು.

“ಅಕ್ಕ, ನಿಮ್ಮನ್ನ ಅಗೆದ್ರೆ ಸತು ಸಿಗುತ್ತೆ.”

ಬೆರಳಲ್ಲಿ ಸತು ಇರುವುದು ಖಚಿತವಾಯಿತು. ಎಲ್ಲಿಂದ ಬಂತೆಂಬುದು ಗೊತ್ತಾಗಲಿಲ್ಲ. ಊಟದ ಹೊತ್ತಿಗೆ ಅವಳು ಎಂದಿನಂತೆ ಮಗುವನ್ನು ವಿಚಾರಿಸಲು ಮನೆಗೆ ಫೋನ್ ಮಾಡಿದಳು. ಅತ್ತೆ ಎತ್ತಿಕೊಂಡರು.

“ಕುಂಡಿ ಕೆಂಪಗಾಗಿದ್ದು ಇನ್ನೂ ಇಳಿದಿಲ್ಲಮ್ಮ. ನೀನು ಬೆಳಿಗ್ಗೆ ಹಚ್ಚಿದ ಮೇಲೆ ನಾನು ಇನ್ನೊಂದ್ಸಲ ಹಚ್ಚಿದೆ. ಅಬ್ಬಬ್ಬಾ, ಏನು ಮುಲಾಮೋ ಅದು! ಸೋಪು ಹಾಕಿ ಉಜ್ಜಿದ್ರೂ ಕೈ ಬಿಡಲ್ಲ ಅನ್ನುತ್ತೆ.”

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. “ಅತ್ತೆ, ಆ ಟ್ಯೂಬಿನ ಮೇಲೆ ಏನು ಬರೆದಿದೆ, ಓದಿ.”

“ಕನ್ನಡಕ ಎಲ್ಲಿಟ್ನೋ… ಹಾಂ. ‘ಮಗುವಿನ ಮೃದು ಚರ್ಮಕ್ಕೆ’…”

“ಅದಲ್ಲ, ಹಿಂದುಗಡೆ. ಸಣ್ಣಕ್ಷರ.”

“ಇದು ಅಕ್ಷರವೇನೇ, ಇರುವೆ ಸಾಲು! ಜಿಂಕ್… ಆಕ್ಸೈಡ್. ಯಾಕೆ, ಮಗುಗೆ ಆಗಲ್ವಾ?”

“ಮಗುಗೆ ಒಳ್ಳೇದೇ ಅತ್ತೆ. ಆಗದೇ ಇರೋದು ನನಗೆ.”

ಜಿಂಕ್ ಎಂದರೆ ಸತು. ಅದರ ಆಕ್ಸೈಡಿನ ಉಪಯೋಗಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ‘ಚರ್ಮದ ಮುಲಾಮು’ ಎಂದು ಮೊದಲು ಬರೆದು ಪೂರ್ಣ ಅಂಕ ತೆಗೆದವಳು ಅವಳು. ಕೈಗವಸು ಹಾಕಿದರೆ ಎಲ್ಲ ಸುರಕ್ಷಿತ ಎಂದುಕೊಂಡಿದ್ದಳು. ಆದರೆ ಕೈಗವಸನ್ನು ಎಳೆದು ಹಾಕಿಕೊಳ್ಳುವುದು ಬರಿಗೈ. ಬೆರಳಿನ ಜಿಡ್ಡು ಅದರ ಹೊರಮೈಗೆ, ಅಲ್ಲಿಂದ ಫ್ಲಾಸ್ಕಿನ ಬಾಯಿಗೆ ಹತ್ತಿತ್ತು.

ಕತೆ ಕೇಳಿದ ಮೇಡಂ ನಗಲಿಲ್ಲ. “ಮುಲಾಮು ಯಾವತ್ತಿಂದ?”

“ಭಾನುವಾರದಿಂದ.”

“ಪ್ಲಾಸ್ಟಿಕ್ ಕೊಳವೆಯ ನೀರು ಹಿಡಿದದ್ದು?”

“ಸೋಮವಾರ, ಮಂಗಳವಾರ.” ಅಷ್ಟು ಹೇಳುವಾಗಲೇ ಅವಳಿಗೆ ಅರ್ಥವಾಗಿತ್ತು. ಬಾಟಲಿಗಳ ಮುಚ್ಚಳ ತೆಗೆದದ್ದೂ ಹಾಕಿದ್ದೂ ಅವಳೇ.

“ಮುಚ್ಚಳದ ಒಳಗಡೆ ಮುಟ್ಟಿರಲ್ಲ ಬಿಡಿ ಅಕ್ಕ,” ಎಂದ ಪಿಪೆಟ್. “ಒಂದ್ಸಲ ಹಾಕಿ ನೋಡೋಣ.”

“ಮುಟ್ಟಿಲ್ಲ ಅಂತ ಆಣೆ ಮಾಡೋಕಾಗಲ್ಲ. ಬಂದ ಅಂಕಿ ಕೊಳವೇದೋ ಮುಲಾಮಿಂದೋ ಅಂತ ಯಾರು ಹೇಳ್ತಾರೆ?”

ಅವಳು ಬಾಟಲಿಗಳನ್ನೆಲ್ಲ ಸಿಂಕಿಗೆ ಸುರಿದಳು. ಎರಡು ದಿನದ ಓಡಾಟ ಗುಳುಗುಳು ಎಂದು ಇಳಿದುಹೋಯಿತು.

ಮಧ್ಯಾಹ್ನ ಮೂರಕ್ಕೆ ಪಿಪೆಟ್‌ನ ಸ್ಕೂಟರಿನಲ್ಲಿ ಇಬ್ಬರೂ ಹೊರಟರು. ಬಾಗಿಲು ತಟ್ಟುವುದು, ಮಾತಾಡುವುದು ಅವಳ ಕೆಲಸ. ಬಾಟಲಿ ಮುಟ್ಟುವುದು ಅವನದು. ಹೆಚ್ಚಿನ ಮನೆಯವರು ಹುಬ್ಬೇರಿಸಿ ಒಳಗೆ ಬಿಟ್ಟರು. ಕೊನೆಯ ಬೀದಿಯ ನಿವೃತ್ತ ಗುಮಾಸ್ತರು ಮಾತ್ರ ಬಾಗಿಲಿಗೆ ಅಡ್ಡ ನಿಂತರು.

“ನಿನ್ನೆ ತಾನೇ ತಗೊಂಡು ಹೋದ್ರಿ. ಏನೋ ಸಿಕ್ಕಿದೆ, ಮುಚ್ಚಿಡ್ತಿದ್ದೀರಿ.”

“ಸಿಕ್ಕಿದ್ದು ನಿಮ್ಮ ನೀರಲ್ಲಲ್ಲ ಸರ್, ನನ್ನ ಕೈಯಲ್ಲಿ.” ಅವಳು ನಡೆದದ್ದನ್ನು ಹೇಳಿದಳು.

ಅವರು ಅವಳ ಕೈ ನೋಡಿದರು, ಪಿಪೆಟ್‌ನನ್ನು ನೋಡಿದರು. “ಇವನಿಗೆ ಮಕ್ಕಳಿಲ್ವಾ?”

“ಮದುವೇನೇ ಆಗಿಲ್ಲ ಸರ್,” ಎಂದ ಪಿಪೆಟ್.

“ಹಾಗಾದ್ರೆ ನೀನು ಹಿಡಿ,” ಎಂದು ದಾರಿ ಬಿಟ್ಟರು.

ಮರುದಿನ ಬೆಳಿಗ್ಗೆ ಅತ್ತೆ ಅವಳನ್ನು ಮಗುವಿನ ಹತ್ತಿರ ಸುಳಿಯಗೊಡಲಿಲ್ಲ. “ಮುಟ್ಟಬೇಡ, ಸಂಜೆ ಬಂದು ಎಷ್ಟು ಬೇಕಾದ್ರೂ ಎತ್ಕೋ.” ಮಗು ಕೈ ಚಾಚಿ ಅತ್ತಿತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿಲಿನಿಂದಲೇ ಮಾತಾಡಿಸಿ ಹೊರಟಳು.

ಪ್ರಯೋಗಾಲಯದಲ್ಲಿ ಹೊಸ ಬಟ್ಟಿ ನೀರಿಗೆ ಮತ್ತೆ ಬೆರಳು ಅದ್ದಿ ಆ ನೀರನ್ನೇ ಮೊದಲು ಯಂತ್ರಕ್ಕೆ ಕೊಟ್ಟಳು, ಏನೂ ಕಾಣಲಿಲ್ಲ. ಆಮೇಲೆ ಬ್ಲ್ಯಾಂಕ್ ಮಾಡಿದಳು. ಮೂರು ಸಲವೂ ಸೊನ್ನೆಯ ಹತ್ತಿರವೇ ನಿಂತಿತು. ಪ್ಲಾಸ್ಟಿಕ್ ಕೊಳವೆಯ ನೀರಿನಲ್ಲಿ ಸತು ನಿರೀಕ್ಷಿಸಿದಷ್ಟೇ ಕಡಿಮೆ ಇತ್ತು. ಕೊನೆಯ ಬಾಟಲಿ ಮುಗಿಯುವಾಗ ಮಣ್ಣು ವಿಭಾಗದವರು ತಮ್ಮ ಬಾಟಲಿಗಳ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಪ್ರಬಂಧ ಗಡುವಿನೊಳಗೆ ಸಲ್ಲಿಕೆಯಾಯಿತು.